ಕಷ್ಟದ ದಿನಗಳಲ್ಲಿ ನಂಬಿಕೆ ಬಲಿಯುವುದು ಹೇಗೆ?

2018ರ ಆಗಸ್ಟ್ ಮಳೆಗೆ ಸಕಲೇಶಪುರ ಭಾಗದಲ್ಲಿ ಗುಡ್ಡಗಳು ಜರಿದವು. ಶಿರಾಡಿ ಘಾಟಿಯಲ್ಲಿ ಸಂಚಾರ ನಿಂತಿತು, ಸುಬ್ರಹ್ಮಣ್ಯದ ಕಡೆಯ ರೈಲು ಹಳಿ ಮಣ್ಣಿನಡಿ ಸೇರಿತು. ಮರುವರ್ಷ ಅದೇ ತಿಂಗಳು ಮೂಡಿಗೆರೆ ತಾಲ್ಲೂಕಿನಲ್ಲಿ ತೋಟ, ಗದ್ದೆ, ಮನೆಗಳು ಕೊಚ್ಚಿಹೋದವು. ಅದರ ಬೆನ್ನಿಗೇ ಕೋವಿಡ್ ಬಂತು. ಅಂಥ ಕಾಲದಲ್ಲಿ ಯಾವ ಧರ್ಮದ ಮನೆಯಲ್ಲಾದರೂ ಏಳುವ ಪ್ರಶ್ನೆ ಒಂದೇ: “ಇಷ್ಟೆಲ್ಲ ಬೇಡಿಕೊಂಡ್ವಲ್ಲ, ಆದ್ರೂ ಯಾಕೆ ಹೀಗಾಯ್ತು?”

ಕ್ರೈಸ್ತರ ಮನೆಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಒಂದು ಉತ್ತರ ಕೇಳಿಬರುತ್ತದೆ: “ಕಷ್ಟದಲ್ಲೇ ನಂಬಿಕೆ ಬೆಳೆಯೋದು.” ಪ್ರಸಂಗದಲ್ಲಿ ಫಾದರ್ ಹೇಳುತ್ತಾರೆ, ಮನೆಪ್ರಾರ್ಥನೆಯಲ್ಲಿ ಪಾಸ್ಟರ್ ಹೇಳುತ್ತಾರೆ. ಸಾವಿನ ಮನೆಗೆ ಹೋದ ಹಿಂದೂ, ಮುಸ್ಲಿಂ ನೆರೆಯವರ ಕಿವಿಗೂ ಬೀಳುತ್ತದೆ. ಹಾಗಂದರೆ ಕಷ್ಟವನ್ನು ದೇವರೇ ಕಳಿಸುತ್ತಾನೆ ಎಂದೇ? ಅಳುವವರಿಗೆ ನಂಬಿಕೆ ಸಾಲದು ಎಂದೇ? ಎಲ್ಲವನ್ನೂ ಸಹಿಸಿಕೊಂಡು ಬಿದ್ದಿರಬೇಕೆಂದೇ? ಮೂರಕ್ಕೂ ಬೈಬಲಿನ ಉತ್ತರ ಬಹುಜನ ಅಂದುಕೊಂಡಿರುವುದಕ್ಕಿಂತ ಬೇರೆ ಇದೆ. ಅದನ್ನು ಬುಡದಿಂದ ನೋಡೋಣ.

ಯಾರ ನಂಬಿಕೆ, ಯಾವ ಬೆಳವಣಿಗೆ

ಚಿಕ್ಕಮಗಳೂರು ಕಥೋಲಿಕ ಧರ್ಮಪ್ರಾಂತ್ಯ 1963ರಲ್ಲಿ ಮೈಸೂರಿನಿಂದ ಬೇರ್ಪಟ್ಟು ರೂಪುಗೊಂಡಿತು. ಹಾಸನ ಜಿಲ್ಲೆಯೂ ಅದರೊಳಗೇ ಬರುತ್ತದೆ. ಕಾಫಿಯ ಜೊತೆ ಕರಾವಳಿಯಿಂದ ಘಟ್ಟ ಹತ್ತಿದ ಕೊಂಕಣಿ ಮಾತಿನ ಕುಟುಂಬಗಳು, ಹಾಸನದ ಸುತ್ತಲಿನ ಹಳೆಯ ಕನ್ನಡ ಕ್ರೈಸ್ತ ಹಳ್ಳಿಗಳು, ತೋಟದ ಲೈನ್ ಮನೆಗಳ ತಮಿಳು ಕುಟುಂಬಗಳು, ಪ್ರೊಟೆಸ್ಟೆಂಟ್ ಸಭೆಗಳು ಎಲ್ಲ ಇಲ್ಲಿವೆ. ಕಥೋಲಿಕರು ತಪಸ್ಸುಕಾಲ (ಈಸ್ಟರಿಗೆ ಮುಂಚಿನ ಪಶ್ಚಾತ್ತಾಪದ ದಿನಗಳು), ಶಿಲುಬೆ ಹಾದಿ (ಯೇಸುವಿನ ಕೊನೆಯ ನಡಿಗೆಯನ್ನು ನೆನೆಯುವ ಪ್ರಾರ್ಥನೆ) ಎಂದು ಮಾತಾಡಿದರೆ, ಸಭೆಗಳವರು ಪರಿಶೋಧನೆ, ಅರಣ್ಯದ ಅನುಭವ ಎನ್ನುತ್ತಾರೆ. ಮಾತು ಬೇರೆಯಾದರೂ ಇಬ್ಬರೂ ತಡಕಾಡುತ್ತಿರುವುದು ಒಂದೇ ವಿಷಯವನ್ನು.

ಆತ್ಮಿಕ ಬೆಳವಣಿಗೆ ಎಂದಾಗ ಹಣ ಹೆಚ್ಚುವುದು, ರೋಗ ವಾಸಿಯಾಗುವುದು, ದರ್ಶನ ಕಾಣುವುದು ಹಲವರ ಮನಸ್ಸಿಗೆ ಬರುತ್ತದೆ. ಯೇಸುವಿನ ಸಂದೇಶವನ್ನು ಊರೂರಿಗೆ ಸಾರಿದ ಸಂತ ಪೌಲ ಗಲಾತ್ಯದವರಿಗೆ ಬರೆದ, ಬೈಬಲಿನಲ್ಲಿರುವ ಪತ್ರದ 5ನೇ ಅಧ್ಯಾಯದಲ್ಲಿ ಕೊಡುವ ಪಟ್ಟಿಯಲ್ಲಿ ಅವು ಯಾವುವೂ ಇಲ್ಲ. ಅಲ್ಲಿರುವುದು ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಒಳ್ಳೆಯತನ, ನಂಬಿಗಸ್ತಿಕೆ, ಸೌಮ್ಯತೆ, ಆತ್ಮಸಂಯಮ. ಇವು ಮನೆಯವರು, ನೆರೆಯವರು, ಜೊತೆಯಲ್ಲಿ ಕೆಲಸ ಮಾಡುವವರು ದಿನವೂ ಕಾಣುವ ಗುಣಗಳು. ಒಬ್ಬರ ನಂಬಿಕೆ ಬಲಿತಿದೆಯೋ ಇಲ್ಲವೋ ಎಂಬುದು ಅವರಿಗಿಂತ ಮೊದಲು ಅವರ ಜೊತೆ ಬದುಕುವವರಿಗೆ ತಿಳಿಯುತ್ತದೆ.

ಕಷ್ಟ ಪಾಪದ ಶಿಕ್ಷೆಯೇ?

ಈ ಪ್ರಶ್ನೆಯನ್ನು ಯೇಸುವಿಗೆ ನೇರವಾಗಿಯೇ ಕೇಳಿದ್ದರು. ಹುಟ್ಟು ಕುರುಡನೊಬ್ಬನನ್ನು ಕಂಡ ಶಿಷ್ಯರು, ಇವನು ಹೀಗೆ ಹುಟ್ಟಿದ್ದಕ್ಕೆ ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದು ವಿಚಾರಿಸಿದರು. ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಎಂದರು ಯೇಸು. ಇದು ಯೇಸುವಿನ ಬದುಕನ್ನು ಹೇಳುವ ಬೈಬಲಿನ ಪುಸ್ತಕಗಳಲ್ಲಿ ಒಂದಾದ ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯದಲ್ಲಿದೆ. ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಗೋಪುರವೊಂದು ಕುಸಿದು 18 ಜನ ಸತ್ತ ಸುದ್ದಿ ಬರುತ್ತದೆ. ಅವರು ಊರಿನ ಉಳಿದೆಲ್ಲರಿಗಿಂತ ಕೆಟ್ಟವರಾಗಿದ್ದರೆಂದು ನೆನಸಬೇಡಿ ಎಂದು ಅಲ್ಲಿಯೂ ಯೇಸು ತಡೆಯುತ್ತಾರೆ. ಗುಡ್ಡ ಜರಿದು ಮನೆ ಕಳೆದುಕೊಂಡವರ ಬಗ್ಗೆ “ಏನು ಪಾಪ ಮಾಡಿದ್ರೋ” ಎನ್ನಲು ಕ್ರೈಸ್ತನಿಗೆ ಇದಾದ ಮೇಲೆ ಬಾಯಿ ಇಲ್ಲ.

ಇದಕ್ಕೂ ಹಳೆಯದು ಯೋಬನ ಕಥೆ. ಸಜ್ಜನ ಯೋಬ ಒಂದೇ ದಿನ ಆಸ್ತಿ, ಮಕ್ಕಳು ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಆಮೇಲೆ ಮೈತುಂಬ ಹುಣ್ಣಾಗುತ್ತದೆ. ನೋಡಲು ಬಂದ ಮೂವರು ಗೆಳೆಯರು ಏಳು ದಿನ, ಏಳು ರಾತ್ರಿ ಮಾತಿಲ್ಲದೆ ಅವನ ಪಕ್ಕ ನೆಲದ ಮೇಲೆ ಕೂರುತ್ತಾರೆ. ಅಲ್ಲಿಯವರೆಗೆ ಅವರು ಮಾಡಿದ್ದೆಲ್ಲ ಸರಿಯೇ. ಬಾಯಿ ತೆರೆದ ಮೇಲೆ ಕೆಟ್ಟಿತು. ನೀನು ಏನೋ ತಪ್ಪು ಮಾಡಿರಬೇಕು, ಇಲ್ಲದಿದ್ದರೆ ದೇವರು ಹೀಗೆ ಮಾಡುತ್ತಿರಲಿಲ್ಲ ಎಂದು ಅಧ್ಯಾಯಗಟ್ಟಲೆ ಉಪದೇಶಿಸುತ್ತಾರೆ. ಯೋಬ ದೇವರ ಮೇಲೆಯೇ ಕೂಗಾಡುತ್ತಾನೆ. 42 ಅಧ್ಯಾಯಗಳ ಆ ಗ್ರಂಥದ ಕೊನೆಯಲ್ಲಿ ದೇವರು ಕೋಪಿಸಿಕೊಳ್ಳುವುದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸಿದ ಆ ಗೆಳೆಯರ ಮೇಲೆ.

ಯೋಬನಿಗೆ “ಯಾಕೆ” ಎಂಬುದಕ್ಕೆ ಉತ್ತರ ಮಾತ್ರ ಕೊನೆಗೂ ಸಿಗುವುದಿಲ್ಲ. ದೇವರು ಬಿರುಗಾಳಿಯೊಳಗಿಂದ ಮಾತಾಡಿದಾಗ ಕೊಡುವುದು ಕಾರಣವನ್ನಲ್ಲ, ತನ್ನ ಇರವನ್ನು. ಇದು ಅನೇಕರಿಗೆ ಸಮಾಧಾನ ಕೊಡದೇ ಇರಬಹುದು. ಆದರೆ ಕ್ರೈಸ್ತ ನಂಬಿಕೆ ಎಲ್ಲ ನೋವಿಗೂ ಕಾರಣ ಹೇಳುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ, ಅವರು ಬೈಬಲ್ ಹೇಳಿರುವುದಕ್ಕಿಂತ ಹೆಚ್ಚು ಹೇಳುತ್ತಿದ್ದಾರೆ.

ಹಾಗಾದರೆ ಬೆಳವಣಿಗೆ ಎಲ್ಲಿಂದ?

ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಕಾಫಿ ಗಿಡ ನೋಡದವರಿಲ್ಲ, ಅದನ್ನೇ ಹಿಡಿದು ಹೇಳುತ್ತೇನೆ. ಕಾಫಿ ಗಿಡದ ಗೆಣ್ಣುಗಳಲ್ಲಿ ಹೂವಿನ ಮೊಗ್ಗು ಮೂಡಿ, ಒಂದು ಹಂತಕ್ಕೆ ಬಂದು ನಿಂತುಬಿಡುತ್ತದೆ. ಮಳೆಗಾಲ ಕಳೆದು ಬರುವ ಒಣಹವೆಯಲ್ಲಿ ಅದರೊಳಗೆ ಏನೂ ನಡೆಯುತ್ತಿಲ್ಲವೆಂದೇ ತೋರುತ್ತದೆ. ಆದರೆ ನೀರಿನ ಕೊರತೆಯ ಆ ಕಾಲ ಮೊಗ್ಗಿಗೆ ಬೇಕು. ಅದು ಪೂರ್ತಿಯಾಗುವ ಮೊದಲೇ ಅಕಾಲದಲ್ಲಿ ಮಳೆ ಹನಿದರೆ ಹೂವು ಒಂದೇ ಸಮನೆ ಬರುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಸರಿಯಾಗಿ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವಿಡೀ ಬೆಳ್ಳಗಾಗುತ್ತದೆ. ಹೂಮಳೆಯೇ ಬಾರದೆ ಬಿಸಿಲು ಹಾಗೇ ಮುಂದುವರಿದರೆ? ಅದೇ ಮೊಗ್ಗು ಕರಟಿ ಉದುರುತ್ತದೆ.

ಅಂದರೆ ಹೂವನ್ನು ಅರಳಿಸಿದ್ದು ಒಣಹವೆ ಅಲ್ಲ. ಅದು ಮೊಗ್ಗನ್ನು ಅಣಿಮಾಡಿತು, ಅರಳಿಸಿದ್ದು ಮೇಲಿನಿಂದ ಬಂದ ನೀರು. ಕ್ರೈಸ್ತ ಬೋಧನೆಯ ತಿರುಳೂ ಇದೇ. ನೋವು ತಾನಾಗಿಯೇ ಯಾರನ್ನೂ ಒಳ್ಳೆಯವರನ್ನಾಗಿ ಮಾಡುವುದಿಲ್ಲ. ನೋವಿನಿಂದ ಕಹಿಯಾದವರು, ಮನಸ್ಸು ಕಲ್ಲಾದವರು ಎಲ್ಲ ಊರುಗಳಲ್ಲೂ ಇದ್ದಾರೆ, ಅದು ಅವರ ತಪ್ಪೂ ಅಲ್ಲ. ನೋವಿನ ನಡುವೆ ಹೊರಗಿನಿಂದ ಬಂದು ಮುಟ್ಟುವ ಯಾವುದೋ ಒಂದು ಬೇಕು. ಅದಕ್ಕೆ ಕ್ರೈಸ್ತರು ಕೃಪೆ ಎನ್ನುತ್ತಾರೆ: ದುಡಿದು ಗಳಿಸಲಾಗದ, ದೇವರು ಸುಮ್ಮನೆ ಕೊಡುವ ನೆರವು. ಮಳೆ ತಡವಾದರೆ ಬೆಳೆಗಾರರು ಕೆರೆಗೆ ಪಂಪು ಹಚ್ಚಿ ಸ್ಪ್ರಿಂಕ್ಲರ್ ಹಾಕುತ್ತಾರಲ್ಲ, ಹಾಗೆ ಆ ಕೃಪೆ ಬಹಳ ಸಲ ಮನುಷ್ಯರ ಕೈಯಿಂದಲೇ ಬಂದು ತಲುಪುತ್ತದೆ. ಅಡುಗೆ ಮಾಡಿ ತಂದುಕೊಡುವ ಅತ್ತಿಗೆ, ಆಸ್ಪತ್ರೆಯಲ್ಲಿ ರಾತ್ರಿ ಕೂರುವ ಗೆಳೆಯ, ಏನೂ ಹೇಳದೆ ಕೇಳಿಸಿಕೊಳ್ಳುವ ಕಾನ್ವೆಂಟಿನ ಸಿಸ್ಟರ್.

ಪೌಲ ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಈ ಕ್ರಮವನ್ನು ಹೇಳುತ್ತಾನೆ. ಸಂಕಟದಿಂದ ಸೈರಣೆ, ಸೈರಣೆಯಿಂದ ಪಳಗಿದ ಗುಣ, ಆ ಗುಣದಿಂದ ನಿರೀಕ್ಷೆ. ಹಲವರು ಇಲ್ಲಿಗೇ ಓದಿ ನಿಲ್ಲಿಸುತ್ತಾರೆ. ಮುಂದಿನ ಮಾತಿನಲ್ಲಿ ಆಧಾರವಿದೆ: ದೇವರ ಪ್ರೀತಿ ನಮ್ಮ ಹೃದಯಗಳಲ್ಲಿ ಸುರಿಯಲ್ಪಟ್ಟಿರುವುದರಿಂದ ಆ ನಿರೀಕ್ಷೆ ಹುಸಿಯಾಗುವುದಿಲ್ಲ. ಸುರಿಯುವವರು ಬೇರೆಯವರು, ಪಡೆಯುವವರು ನಾವು. ಪೌಲನೇ ತನ್ನ ದೇಹದಲ್ಲಿ ನಾಟಿದ್ದ “ಮುಳ್ಳು” ತೆಗೆಯಬೇಕೆಂದು ಮೂರು ಸಾರಿ ಬೇಡಿದ. ಮುಳ್ಳು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಆ ಮುಳ್ಳು ಯಾವ ಕಾಯಿಲೆಯೋ ಯಾವ ಕಿರುಕುಳವೋ ಪೌಲ ಹೇಳಲಿಲ್ಲ. ಹಾಗಾಗಿ ಯಾವ ನೋವಿನವರೂ ಆ ಸಾಲಿನಲ್ಲಿ ತಮ್ಮನ್ನು ಕಾಣಬಹುದು.

ಗೋಳಾಡುವುದೂ ಪ್ರಾರ್ಥನೆಯೇ

ಈ ವಿಷಯದಲ್ಲಿ ನಮ್ಮ ಜನರಿಗೆ ಅತ್ಯಂತ ಕಡಿಮೆ ತಿಳಿದಿರುವ, ತಿಳಿಯಲೇಬೇಕಾದ ಭಾಗ ಇದು. ಚರ್ಚಿಗೆ ಬಂದರೆ ನಗುಮೊಗದಿಂದಿರಬೇಕು, “ದೇವರ ದಯೆ, ಚೆನ್ನಾಗಿದೀವಿ” ಎನ್ನಬೇಕು ಎಂಬ ಅಭ್ಯಾಸ ಎಷ್ಟು ಬಲವಾಗಿದೆಯೆಂದರೆ, ಅಳು ಬಂದವರು ಪೂಜೆಗೆ ಬರುವುದನ್ನೇ ನಿಲ್ಲಿಸುತ್ತಾರೆ.

ಬೈಬಲಿನ ಪ್ರಾರ್ಥನಾ ಪುಸ್ತಕವೆಂದರೆ 150 ಕೀರ್ತನೆಗಳು. ಅವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗೋಳಿನ ಹಾಡುಗಳು. 13ನೇ ಕೀರ್ತನೆ ಶುರುವಾಗುವುದೇ ಇನ್ನೆಷ್ಟು ಕಾಲ ನನ್ನನ್ನು ಮರೆತಿರುವೆ ಎಂದು ದೇವರನ್ನು ಕೇಳುವ ಮೂಲಕ. ಈ ಹಾಡುಗಳಿಗೆ ಸಾಮಾನ್ಯವಾಗಿ ಒಂದು ನಡೆ ಇದೆ. ಮೊದಲು ದೇವರನ್ನು ಕೂಗುವುದು, ಆಮೇಲೆ ನೋವನ್ನು ಮುಚ್ಚುಮರೆಯಿಲ್ಲದೆ ಹೇಳುವುದು, ಬೇಕಾದ್ದನ್ನು ಕೇಳುವುದು, ಕೊನೆಗೆ ಮತ್ತೆ ನಂಬಿಕೆಯ ಕಡೆ ಹೊರಳುವುದು. 88ನೇ ಕೀರ್ತನೆಯಲ್ಲಿ ಆ ಕೊನೆಯ ಹೊರಳುವಿಕೆಯೂ ಇಲ್ಲ. ಅದು ಕತ್ತಲೆಯಲ್ಲೇ ನಿಂತುಬಿಡುತ್ತದೆ. ಅಂಥ ಹಾಡನ್ನೂ ಪವಿತ್ರಗ್ರಂಥದಿಂದ ತೆಗೆದುಹಾಕದೆ ಉಳಿಸಿಕೊಂಡರು ಎನ್ನುವುದು ದೊಡ್ಡ ವಿಷಯ. ಇನ್ನೂ ಬೆಳಕು ಕಾಣದವರಿಗೂ ಅಲ್ಲಿ ಒಂದು ಪುಟ ಇದೆ.

ಶಿಲುಬೆಯ ಮೇಲೆ ಯೇಸು ಕೂಗಿದ “ಏಲೀ, ಏಲೀ, ಲಮಾ ಸಬಕ್ತಾನೀ” ಕೂಡ ಇಂಥದೇ ಒಂದು ಗೋಳಿನ ಹಾಡಿನ ಸಾಲು. 22ನೇ ಕೀರ್ತನೆಯ ಮೊದಲ ಮಾತು ಅದು: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ? ಗೆಳೆಯ ಲಾಜರನ ಸಮಾಧಿಯ ಬಳಿ ಯೇಸು ಅತ್ತದ್ದನ್ನೂ ಯೊವಾನ್ನ ಬರೆದಿದ್ದಾನೆ. ತಾನು ಇನ್ನೇನು ಅವನನ್ನು ಎಬ್ಬಿಸಲಿದ್ದೇನೆಂದು ಗೊತ್ತಿದ್ದೂ ಅತ್ತರು. ಪುನರುತ್ಥಾನದಲ್ಲಿ, ಅಂದರೆ ಸತ್ತವರು ಮತ್ತೆ ಏಳುತ್ತಾರೆ ಎಂಬುದರಲ್ಲಿ, ನಂಬಿಕೆ ಇದ್ದವರು ಅಳಬಾರದು ಎಂಬ ಮಾತಿಗೆ ಶುಭಸಂದೇಶದಲ್ಲಿ ಆಧಾರವಿಲ್ಲ.

ದೇವರ ಮೇಲೆ ದೂರುವುದಕ್ಕೂ ದೇವರಿಂದ ದೂರ ಹೋಗುವುದಕ್ಕೂ ವ್ಯತ್ಯಾಸವಿದೆ. ದೂರುವವನು ಇನ್ನೂ ಅವನ ಮುಖ ನೋಡಿಯೇ ಮಾತಾಡುತ್ತಿದ್ದಾನೆ. ಹೇಗೆ ಪ್ರಾರ್ಥಿಸಬೇಕೆಂದು ತೋಚದವರು ಒಂದು ಗೋಳಿನ ಕೀರ್ತನೆಯನ್ನು ಗಟ್ಟಿಯಾಗಿ ಓದಬಹುದು. ಸ್ವಂತ ಮಾತು ಬತ್ತಿದಾಗ ಬೇರೆಯವರ ಮಾತು ಕೈಹಿಡಿಯುತ್ತದೆ.

ನೀರಿನಲ್ಲಿ ಮುಳುಗಿದ ದೇವಾಲಯ

ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿಯ ಚರ್ಚನ್ನು ಚಿತ್ರದಲ್ಲಾದರೂ ನೀವು ನೋಡಿರುತ್ತೀರಿ. ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿದ ದೇವಾಲಯ ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರು ಏರಿ, ಸುತ್ತಲಿನ ಜನ ಊರು ಬಿಡಬೇಕಾಯಿತು. ಈಗ ಜಲಾಶಯ ತುಂಬಿದಾಗ ಗೋಡೆಗಳ ಬಹುಭಾಗ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೇಳುತ್ತದೆ. ಪ್ರವಾಸಿಗರಿಗೆ ಅದು ಸುಂದರ ಅವಶೇಷ. ಅಲ್ಲಿಂದ ಎದ್ದುಹೋದ ಮನೆತನಗಳಿಗೆ ಅದು ಹಿರಿಯರು ಜ್ಞಾನಸ್ನಾನ ಪಡೆದ, ಮದುವೆಯಾದ ಜಾಗ.

ಪೂಜಿಸುವ ಜಾಗವೇ ಹೋದರೆ ನಂಬಿಕೆ ಏನಾಗುತ್ತದೆ? ಇದು ಬೈಬಲಿನ ಬಹು ಮುಖ್ಯ ಪ್ರಶ್ನೆಗಳಲ್ಲಿ ಒಂದು. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಬಾಬಿಲೋನಿನವರು ಜೆರುಸಲೇಮಿನ ದೇವಾಲಯವನ್ನು ಸುಟ್ಟು ಜನರನ್ನು ಸೆರೆ ಒಯ್ದರು. ಪರದೇಶದಲ್ಲಿ ನಮ್ಮ ದೇವರ ಹಾಡನ್ನು ಹೇಗೆ ಹಾಡಲಿ ಎಂದು 137ನೇ ಕೀರ್ತನೆ ಅಳುವುದು ಆಗಲೇ. ಆ ಸೆರೆಯವರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದದ ಒಂದು ಸಾಲು ಇಂದು ಕ್ರೈಸ್ತರ ಕ್ಯಾಲೆಂಡರುಗಳಲ್ಲಿ ಎಲ್ಲೆಲ್ಲೂ ಇದೆ: ನಿಮ್ಮ ವಿಷಯದಲ್ಲಿ ನನಗಿರುವ ಯೋಚನೆಗಳು ಹಿತದ ಯೋಚನೆಗಳೇ, ಅಹಿತದವಲ್ಲ. ಅದೇ ಕಾಗದದ ಹಿಂದಿನ ಸಾಲನ್ನು ಮಾತ್ರ ಯಾರೂ ಅಚ್ಚು ಹಾಕಿಸುವುದಿಲ್ಲ. ಬಿಡುಗಡೆಗೆ 70 ವರ್ಷ ಕಾಯಬೇಕು ಎನ್ನುತ್ತದೆ ಅದು. ಅಲ್ಲಿಯತನಕ ಏನು ಮಾಡಬೇಕು? ಮನೆ ಕಟ್ಟಿರಿ, ತೋಟ ಹಾಕಿರಿ, ಮಕ್ಕಳ ಮದುವೆ ಮಾಡಿರಿ, ನೀವಿರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ಕಷ್ಟ ಕಳೆದ ಮೇಲೆ ಬದುಕು ಎಂದು ಯೆರೆಮೀಯ ಹೇಳಲಿಲ್ಲ. ಕಷ್ಟದ ಒಳಗೇ ಮಾಡುವ ಈ ದಿನನಿತ್ಯದ ಕೆಲಸಗಳನ್ನೇ ನಂಬಿಕೆಯ ಕೆಲಸ ಎಂದ.

ಪ್ರಾರ್ಥನೆಯೇ ಒಣಗಿದಾಗ

ಹೊರಗಿನ ಕಷ್ಟ ಒಂದು, ಒಳಗಿನ ಬರ ಇನ್ನೊಂದು. ಎಲ್ಲ ಸರಿಯಿದ್ದೂ ಜಪಸರ ಹಿಡಿದರೆ ಮನಸ್ಸು ನಿಲ್ಲದು, ಪೂಜೆಯಲ್ಲಿ ರುಚಿ ಇಲ್ಲ, ದೇವರು ಎಲ್ಲೋ ದೂರ ಹೋದಂತೆ. ಇದನ್ನು ಅತ್ಯಂತ ಆಳವಾಗಿ ವಿವರಿಸಿದವರು ಸ್ಪೇನಿನ ಶಿಲುಬೆಯ ಸಂತ ಯೊವಾನ್ನ (1542–1591). ತಮ್ಮ ಸನ್ಯಾಸಿ ಸಭೆಯನ್ನು ಸುಧಾರಿಸಲು ಹೊರಟಿದ್ದಕ್ಕೆ 1577ರಲ್ಲಿ ಆ ಸಭೆಯವರೇ ಅವರನ್ನು ತೊಲೇದೊ ನಗರದ ಕಿರುಕೋಣೆಯಲ್ಲಿ ಸುಮಾರು ಒಂಬತ್ತು ತಿಂಗಳು ಕೂಡಿಹಾಕಿದರು. ಆತ್ಮದ ಕತ್ತಲ ರಾತ್ರಿ ಎಂಬ ಮಾತು ಅವರಿಂದಲೇ ಬಂತು. ಅವರ ವಿವರಣೆ ಸರಳವಾಗಿ ಇಷ್ಟು: ಮೊದಮೊದಲು ಪ್ರಾರ್ಥನೆ ಸಿಹಿಯಾಗಿರುತ್ತದೆ, ಆಗ ಮನುಷ್ಯ ದೇವರನ್ನು ಪ್ರೀತಿಸುತ್ತಿದ್ದಾನೋ ಆ ಸಿಹಿಯನ್ನೋ ಅವನಿಗೇ ತಿಳಿಯದು. ಸಿಹಿ ಹೋದ ಮೇಲೂ ಉಳಿಯುವುದೇ ಗಟ್ಟಿ ಪ್ರೀತಿ.

ಕೊಲ್ಕತ್ತದ ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಅವರ ಖಾಸಗಿ ಪತ್ರಗಳು 2007ರಲ್ಲಿ ಅಚ್ಚಾದಾಗ ಜಗತ್ತು ಬೆರಗಾಯಿತು. ಬಡವರ ಸೇವೆಗೆ ಇಳಿದ ದಿನಗಳಿಂದ ಮೊದಲ್ಗೊಂಡು ದಶಕಗಳ ಕಾಲ ಅವರು ಒಳಗಿನ ಕತ್ತಲೆಯಲ್ಲೇ ಇದ್ದರು. 2016ರಲ್ಲಿ ಕಥೋಲಿಕ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. ದೇವರು ಹತ್ತಿರವಿದ್ದಾನೆ ಎಂಬ ಅನಿಸಿಕೆ ನಂಬಿಕೆಯ ಅಳತೆಗೋಲಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇಂಥ ದಿನಗಳಿಗೆ ಜೆಸ್ವಿತ್ ಎಂಬ ಸನ್ಯಾಸಿ ಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ (1491–1556) ಕೊಟ್ಟ ಸಲಹೆ ಒಂದಿದೆ: ಮನಸ್ಸು ಕತ್ತಲಾಗಿರುವಾಗ ದೊಡ್ಡ ತೀರ್ಮಾನ ಬದಲಿಸಬೇಡ. ಬೆಳಕಿದ್ದಾಗ ಹಿಡಿದ ದಾರಿಯಲ್ಲೇ ನಡೆ. ಅವರೂ ಇದನ್ನು ಪೆಟ್ಟು ತಿಂದು ಕಲಿತವರೇ. 1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಾಗಲೇ ಆ ಸಿಪಾಯಿಯ ಬದುಕು ತಿರುಗಿದ್ದು.

ದೇಹವನ್ನು ಮರೆಯಬಾರದು

ಪ್ರವಾದಿ ಎಲೀಯ ಒಮ್ಮೆ ಅಡವಿಯಲ್ಲಿ ಗಿಡದ ಕೆಳಗೆ ಕೂತು, ಸಾಕು, ಪ್ರಾಣ ತೆಗೆದುಬಿಡು ಎಂದು ದೇವರನ್ನು ಬೇಡಿದ. ದೇವದೂತ ಬಂದು ಉಪದೇಶ ಮಾಡಲಿಲ್ಲ, ಗದರಲಿಲ್ಲ. ನಿದ್ದೆಯಿಂದ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಊಟವೇ ಬಂತು. ದೇವರ ಮೃದುವಾದ ದನಿ ಕೇಳಿಸಿದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವ ಕೆಲಸಕ್ಕೂ ಮನಸ್ಸಿಲ್ಲ, ಸಾಯುವ ಯೋಚನೆ ಬರುತ್ತಿದೆ ಎಂದರೆ ಅದು ಖಿನ್ನತೆ ಎಂಬ ಕಾಯಿಲೆ ಇರಬಹುದು. ಅದಕ್ಕೆ ಔಷಧವಿದೆ, ಆಪ್ತಸಮಾಲೋಚನೆ ಇದೆ. ಪ್ರಾರ್ಥನೆಯೂ ಚಿಕಿತ್ಸೆಯೂ ಒಟ್ಟಿಗೆ ನಡೆಯಬಹುದು, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆ ಎಂದು ಯಾರೂ ಹೇಳುವುದಿಲ್ಲವಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು. ಕುಡಿದು ಬಂದು ಹೊಡೆಯುವ ಗಂಡನನ್ನು “ನಿನ್ನ ಶಿಲುಬೆ ಅಂತ ಹೊತ್ಕೋ ಮಗಳೇ” ಎಂದು ಹೆಣ್ಣುಮಕ್ಕಳಿಗೆ ಹೇಳುವ ಹಿರಿಯರು ಈಗಲೂ ಇದ್ದಾರೆ. ಯೇಸು ಶಿಲುಬೆಯನ್ನು ತಾವಾಗಿಯೇ, ಬೇರೆಯವರ ಮೇಲಿನ ಪ್ರೀತಿಗಾಗಿ ಎತ್ತಿಕೊಂಡರು. ಒಬ್ಬರು ಇನ್ನೊಬ್ಬರ ಮೇಲೆ ಮಾಡುವ ಹಿಂಸೆ ಆ ಲೆಕ್ಕಕ್ಕೆ ಬರುವುದಿಲ್ಲ. ಅಂಥಲ್ಲಿ ಮಾಡಬೇಕಾದ್ದು ಸಹಿಸುವುದಲ್ಲ, 112ಕ್ಕೆ ಕರೆಮಾಡಿ ಸುರಕ್ಷಿತ ಜಾಗಕ್ಕೆ ಹೋಗುವುದು.

ವರ್ಷದೊಳಗೇ ಒಂದು ಕಷ್ಟದ ಕಾಲ

ಕಥೋಲಿಕರ ಮತ್ತು ಇನ್ನು ಕೆಲವು ಸಭೆಗಳ ಪಂಚಾಂಗದಲ್ಲಿ ಈ ಕಲಿಕೆಗೆ ಜಾಗ ಮಾಡಿಟ್ಟಿದ್ದಾರೆ. ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು, ನೀನು ಮಣ್ಣು ಎಂಬ ಮಾತು ಕೇಳಿ ತಪಸ್ಸುಕಾಲ ಶುರುವಾಗುತ್ತದೆ. ಭಾನುವಾರಗಳನ್ನು ಬಿಟ್ಟು 40 ದಿನ, ಯೇಸು ಅರಣ್ಯದಲ್ಲಿ ಕಳೆದ 40 ದಿನಗಳ ನೆನಪಿಗೆ. ಶುಕ್ರವಾರಗಳಲ್ಲಿ 14 ಸ್ಥಳಗಳ ಶಿಲುಬೆ ಹಾದಿ. ಅದರಲ್ಲಿ ಯೇಸು ಮೂರು ಸಲ ಬೀಳುತ್ತಾರೆ, ಮೂರು ಸಲವೂ ಏಳುತ್ತಾರೆ.

ಶುಭ ಶುಕ್ರವಾರವೂ ಈಸ್ಟರೂ ಎಲ್ಲರಿಗೂ ಗೊತ್ತು. ನಡುವಿನ ಪವಿತ್ರ ಶನಿವಾರ ಗೊತ್ತಿಲ್ಲ. ಅಂದು ಹಗಲೆಲ್ಲ ಪೂಜೆ ಇಲ್ಲ, ಪೀಠ ಬರಿದು. ಯೇಸು ಸತ್ತದ್ದು ಆಗಿಹೋಗಿದೆ, ಎದ್ದದ್ದು ಇನ್ನೂ ಆಗಿಲ್ಲ. ಆಸ್ಪತ್ರೆಯ ವರದಿಗೆ ಕಾಯುವವರು, ಮನೆಬಿಟ್ಟು ಹೋದ ಮಗನಿಗೆ ಕಾಯುವ ತಾಯಂದಿರು ಬದುಕುತ್ತಿರುವುದು ಆ ಶನಿವಾರದಲ್ಲೇ. ಅದಕ್ಕೂ ಪವಿತ್ರ ಎಂಬ ಹೆಸರಿದೆ.

ನೆರೆಯವರು ಏನು ಮಾಡಬಹುದು

ನಿಮ್ಮ ಬೀದಿಯ ಕ್ರೈಸ್ತರ ಮನೆಯಲ್ಲಿ ಸಾವಾಗಿದ್ದರೆ, ತೋಟ ಹೋಗಿದ್ದರೆ, ನೀವು ಯಾವ ಧರ್ಮದವರಾದರೂ ಹೋಗಿ ಕೂರಬಹುದು. “ದೇವರ ಚಿತ್ತ”, “ಅವರಿಗೆ ಅಷ್ಟೇ ಆಯಸ್ಸು”, “ಇದರಲ್ಲೂ ಏನೋ ಒಳ್ಳೆಯದಿರುತ್ತೆ” ಎಂಬ ಮಾತುಗಳನ್ನು ಮೊದಲ ದಿನಗಳಲ್ಲಿ ಆಡದಿರುವುದು ಲೇಸು. ಕಷ್ಟದಿಂದ ತಾನು ಬೆಳೆದೆ ಎಂದು ನೊಂದವರೇ ಎಂದಾದರೂ ಹೇಳಬಹುದು, ಹೊರಗಿನವರು ಅವರ ಪರವಾಗಿ ಹೇಳಲಾಗದು. ತೀರಿಹೋದವರ ಹೆಸರು ಹಿಡಿದು ಒಂದು ನೆನಪು ಹೇಳಿ. ಸಾಮಾನ್ಯವಾಗಿ 7ನೇ ದಿನದ, 30ನೇ ದಿನದ ಪೂಜೆಯವರೆಗೆ ಮನೆ ತುಂಬ ಜನರಿರುತ್ತಾರೆ. ಆಮೇಲೆ ಬರುವವರು ಕಡಿಮೆ, ಬ್ಯಾಂಕಿನ ಕಾಗದ, ಪಿಂಚಣಿ ಅರ್ಜಿ, ಮಕ್ಕಳ ಶಾಲೆ ಫೀಸು ಎಲ್ಲ ಒಬ್ಬರ ತಲೆಯ ಮೇಲೆ ಬೀಳುವುದು ಆಗಲೇ. ತಾಲ್ಲೂಕು ಕಚೇರಿಗೆ ಜೊತೆಯಲ್ಲಿ ಹೋಗುವುದಿದ್ದರೆ ಎರಡನೇ ತಿಂಗಳಲ್ಲಿ ಹೋಗಿ. ತೀರಿಹೋದವರನ್ನೆಲ್ಲ ನೆನೆಯುವ ನವೆಂಬರ್ 2ರಂದು ಕಥೋಲಿಕರು ಸಮಾಧಿಗಳನ್ನು ಶುಚಿಮಾಡಿ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಅಂದು ಅವರ ಜೊತೆ ಸ್ಮಶಾನಕ್ಕೆ ಬರಬಹುದೇ ಎಂದು ಮುಂಚೆಯೇ ಕೇಳಿಟ್ಟುಕೊಳ್ಳಿ.